ಯಾರ ಒಳ್ಳೆಯ ಕಾಲ?

ಕ್ರಿ.ಶ. 348ರ ಸುಮಾರಿಗೆ ರೋಮ್ ಸಾಮ್ರಾಜ್ಯದ ಟಂಕಸಾಲೆಗಳು ಹೊಸ ಕಂಚಿನ ನಾಣ್ಯವೊಂದನ್ನು ಹೊರತಂದವು. ಒಂದು ಮಗ್ಗುಲಲ್ಲಿ ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್‌ನ ಮುಖ, ಹೆಸರಿನ ಹಿಂದೆ 'ನಮ್ಮ ಒಡೆಯ' ಎಂಬ ಬಿರುದು. ಇನ್ನೊಂದು ಮಗ್ಗುಲಲ್ಲಿ, ಕುದುರೆಯಿಂದ ಬೀಳುತ್ತಿರುವವನನ್ನು ಸೈನಿಕನೊಬ್ಬ ಈಟಿಯಿಂದ ತಿವಿಯುತ್ತಿದ್ದಾನೆ. ಅದರ ಸುತ್ತ ಬರೆದದ್ದೇನು ಗೊತ್ತೆ? 'ಒಳ್ಳೆಯ ಕಾಲ ಮರಳಿ ಬಂತು' ಅಂತ!

ಕೆತ್ತಿದವನ ಕೈಚಳಕವನ್ನು ಪಂಡಿತರು ಹೊಗಳಲಿ. ನಾವು ನೋಡೋದು ಬಿದ್ದವನನ್ನು. ಅವನಿಗೆ ಹೆಸರಿಲ್ಲ. ತಿವಿದವನಿಗೂ ಹೆಸರಿಲ್ಲ. ಹೆಸರಿರೋದು ಒಡೆಯನಿಗೆ ಮಾತ್ರ.

ಇದು ಚಿನ್ನದ ನಾಣ್ಯವಲ್ಲ, ಸಂತೆಯ ಚಿಲ್ಲರೆ. ರೊಟ್ಟಿ ಕೊಳ್ಳುವವನ ಅಂಗೈಗೇ ಈ ಈಟಿ ಬಂತು. ಹತ್ತೇ ವರ್ಷದಲ್ಲಿ ನಾಣ್ಯ ಕುಗ್ಗಿತು, ತೂಕ ಇಳೀತು. ಘೋಷಣೆ ಮಾತ್ರ ಹಾಗೇ ಉಳೀತು. ಕಾಲ ಒಳ್ಳೆಯದೋ ಕೆಟ್ಟದ್ದೋ, ಬಿದ್ದವನನ್ನು ಕೇಳಬೇಕು.