ಗೀರು ಎಲ್ಲಿ ಬಿತ್ತು, ಯಾವಾಗ ಬಿತ್ತು

ಹಳೆಯ ನಾಣ್ಯಕ್ಕೆ ಬೆಲೆ ಕಟ್ಟುವಾಗ ಅದರ ಮೈಮೇಲಿನ ಗಾಯ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದು ಎಲ್ಲಿ ಬಿದ್ದಿದೆ ಮತ್ತು ಯಾವ ಕಾಲದಲ್ಲಿ ಬಿದ್ದಿದೆ ಎಂಬುದನ್ನೇ ನುರಿತ ಸಂಗ್ರಾಹಕರು ಮೊದಲು ನೋಡುತ್ತಾರೆ. ಕೈಯಿಂದ ಕೈಗೆ ಓಡಾಡಿ ಉಬ್ಬು ಭಾಗಗಳು ನಯವಾಗುವುದು ಸವೆತ. ಗೀರು, ಅಂಚಿನ ಪೆಟ್ಟು, ತೂತು, ಬೆಸುಗೆ, ಉಜ್ಜಿದ ಗುರುತು ಇವು ಹಾನಿ. ಸವೆತವನ್ನು ಅಳೆಯಲು ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ 1ರಿಂದ 70ರವರೆಗಿನ ಅಂಕೆಗಳೇ ಇಂದಿಗೂ ಬಳಕೆಯಲ್ಲಿವೆ. ಹಾನಿಗೊಂಡ ನಾಣ್ಯಕ್ಕಾದರೋ ದರ್ಜೆ ನೀಡುವ ಸಂಸ್ಥೆಗಳು ಸಾಮಾನ್ಯವಾಗಿ ಅಂಕೆಯನ್ನೇ ಕೊಡದೆ, ಹಾನಿ ಯಾವುದೆಂದು ಚೀಟಿಯಲ್ಲಿ ಬರೆದು ಕೈತೊಳೆದುಕೊಳ್ಳುತ್ತವೆ.

ಗಾಯದ ಜಾಗ ಎಷ್ಟು ಮುಖ್ಯವೆಂಬುದಕ್ಕೆ ಚಿತ್ರದುರ್ಗದ್ದೇ ನಾಣ್ಯ ಸಾಕ್ಷಿ. 1779ರಲ್ಲಿ ನಾಯಕರಿಂದ ಹೈದರಾಲಿಯ ಕೈಸೇರಿದ ಈ ದುರ್ಗಕ್ಕೆ ಟಿಪ್ಪು ಸುಲ್ತಾನ ಫರ್ರುಖ್‌ಯಾಬ್ ಹಿಸಾರ್ ಎಂದು ಮರುನಾಮಕರಣ ಮಾಡಿದನು, ಅದೇ ಹೆಸರಿನ ಟಂಕಸಾಲೆಯಿಂದ ಆನೆಯ ಚಿತ್ರವುಳ್ಳ ತಾಮ್ರದ ನಾಣ್ಯಗಳೂ ಹೊರಬಂದವು. ಟಿಪ್ಪುವಿನ ಆನೆ ಪೈಸೆಗಳಲ್ಲಿ ಎಲ್ಲ ಟಂಕಸಾಲೆಗಳ ಆನೆಯೂ ಹೆಚ್ಚುಕಡಿಮೆ ಒಂದೇ ಬಗೆಯದು. ಅದು ಶ್ರೀರಂಗಪಟ್ಟಣದ್ದೋ ಚಿತ್ರದುರ್ಗದ್ದೋ ಎಂಬುದನ್ನು ಹೇಳುವುದು ಹಿಮ್ಮುಖದಲ್ಲಿ, ಅಂದರೆ ಹಿಂಬದಿಯಲ್ಲಿ, ಪರ್ಷಿಯನ್ ಲಿಪಿಯಲ್ಲಿರುವ ಊರಿನ ಹೆಸರು ಮಾತ್ರ. ಶ್ರೀರಂಗಪಟ್ಟಣದ ಪೈಸೆಗಳು ಹೇರಳವಾಗಿ ಸಿಗುತ್ತವೆ, ದುರ್ಗದವು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹೀಗಿರುವುದರಿಂದ ಆನೆಯ ಹೊಟ್ಟೆಯ ಮೇಲೆ ಆಳವಾದ ಗೀರಿದ್ದರೂ ನಾಣ್ಯ ತನ್ನ ಬೆಲೆಯ ಬಹುಪಾಲನ್ನು ಉಳಿಸಿಕೊಳ್ಳುತ್ತದೆ. ಹಿಂಬದಿಯ 'ಫರ್ರುಖ್‌ಯಾಬ್' ಕೆತ್ತಿಹೋಗಿ 'ಹಿಸಾರ್' ಮಾತ್ರ ಉಳಿದರೆ, ಫೈಜ್ ಹಿಸಾರ್ ಎಂದು ಹೆಸರಾಗಿದ್ದ ಗುತ್ತಿಯ ನಾಣ್ಯವೆಂದೂ ಅದನ್ನು ವಾದಿಸಬಹುದಾಗಿ, ಅದು ಊರಿಲ್ಲದ ತಾಮ್ರದ ಬಿಲ್ಲೆಯಾಗುತ್ತದೆ.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆಗಳಲ್ಲಿ ಬೆಳ್ಳಿಯ ರೂಪಾಯಿಗಳು ಉಳಿದಿದ್ದರೆ ಅದಕ್ಕೆ ಲಕ್ಷ್ಮೀಪೂಜೆಯೇ ಮುಖ್ಯ ಕಾರಣ, ಅವು ಹಾಳಾಗಿದ್ದರೂ ಅದೇ ಕಾರಣ. ಪೂಜೆಗೆ ಮುನ್ನ ಹುಣಸೆಹಣ್ಣು ಹಚ್ಚಿ ಉಜ್ಜುವ ಪದ್ಧತಿಯಿಂದ, ಬೆಳ್ಳಿಯ ಮೇಲೆ ದಶಕಗಳಲ್ಲಿ ತಾನಾಗಿ ಕೂಡಿದ ಬೂದುನೀಲಿ ಪದರವೂ ಟಂಕಿಸಿದಾಗ ಬಂದ ಮೂಲ ಹೊಳಪೂ ಒಟ್ಟಿಗೇ ಹೋಗಿ, ಒಂದೇ ದಿಕ್ಕಿನ ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ಮನೆಯವರ ಕಣ್ಣಿಗೆ ಅದು ಹೊಸದರಂತೆ ಹೊಳೆಯುವ ನಾಣ್ಯ. ಮಸೂರ ಹಿಡಿದವನ ಕಣ್ಣಿಗೆ ಹೆಚ್ಚೂಕಡಿಮೆ ತೂಕದ ಬೆಳ್ಳಿ. ಐದನೆಯ ಜಾರ್ಜನ 1911ರ ರೂಪಾಯಿಯಲ್ಲಿ ಈ ನಷ್ಟ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಅರಸನ ನಿಲುವಂಗಿಯ ಮೇಲಿನ ಸರದಲ್ಲಿದ್ದ ಪುಟ್ಟ ಆನೆ ಹಂದಿಯಂತಿದೆ ಎಂಬ ಆಕ್ಷೇಪ ಎದ್ದು, ಆ ನಾಣ್ಯವನ್ನು ಹಿಂತೆಗೆದು, 1912ರಲ್ಲಿ ತಿದ್ದಿದ ಅಚ್ಚನ್ನು ಬಳಸಲಾಯಿತು. ಸಂಗ್ರಾಹಕರು ಹಣ ಕೊಡುವುದು ಆ ಸೊಂಡಿಲಿನ ಆಕಾರ ನೋಡಿ, ಹುಣಸೆಹಣ್ಣಿನ ಕೈ ಮೊದಲು ಅಳಿಸುವುದೂ ಆ ಸೊಂಡಿಲನ್ನೇ.

ತೂತಿನ ಕಥೆ ಬೇರೆ. ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಉಡುಪಿಗೂ ಸರಕ್ಕೂ ನಾಲ್ಕಾಣೆ, ಎಂಟಾಣೆ, ರೂಪಾಯಿಗಳನ್ನು ತೂತು ಕೊರೆದೋ ಕೊಂಡಿ ಬೆಸೆದೋ ಪೋಣಿಸುತ್ತಿದ್ದರು. ಅಂಥ ನಾಣ್ಯವನ್ನು ಬಿಡಿಬಿಡಿಯಾಗಿ ಕಿತ್ತು ಮಾರಿದರೆ ಬಹಳ ಕಡಿಮೆ ಬೆಲೆ ಬರುತ್ತದೆ, ಸರ ಸರವಾಗಿಯೇ ಉಳಿದರೆ ಅದು ಆಭರಣವಾಗಿ ತನ್ನದೇ ಬೆಲೆ ಪಡೆಯುತ್ತದೆ. ತೂತಿಗೆ ಬೆಳ್ಳಿ ತುಂಬಿ, ಅಳಿದ ಅಕ್ಷರವನ್ನು ಮತ್ತೆ ಕೆತ್ತಿಸಿ ಮಾರುವುದು ಮಾತ್ರ ತೂತಿಗಿಂತ ದೊಡ್ಡ ದೋಷ. ಮೊದಲಿನದು ಬಳಕೆಯ ಗುರುತು, ಎರಡನೆಯದು ವಂಚನೆ.

ನಾಣ್ಯ ಚಲಾವಣೆಯಲ್ಲಿದ್ದಾಗಲೇ ಬಿದ್ದ ಕೆಲವು ಗಾಯಗಳು ಅದರ ಚರಿತ್ರೆಯ ಭಾಗವಾಗಿಬಿಡುತ್ತವೆ. ಚಿನಿವಾರರು, ಅಂದರೆ ನಾಣ್ಯದ ಶುದ್ಧತೆ ಪರೀಕ್ಷಿಸುತ್ತಿದ್ದವರು, ಒತ್ತಿದ ಚಿಕ್ಕಚಿಕ್ಕ ಮುದ್ರೆಗಳು ಬೆಳ್ಳಿಯ ನಾಣ್ಯಗಳ ಮೇಲೆ ಕಾಣುತ್ತವೆ. ಕೊಳ್ಳುವವರು ಬೆಲೆ ತಗ್ಗಿಸಿದರೂ ವಿದ್ವಾಂಸರು ಅವುಗಳಲ್ಲಿ ಹಣದ ಓಡಾಟದ ದಾರಿಯನ್ನು ಓದುತ್ತಾರೆ. 1898ರಲ್ಲಿ ತಮಿಳುನಾಡಿನ ಪುದುಕೋಟೈ ಸೀಮೆಯಲ್ಲಿ ದೊರೆತ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ಮುಖವನ್ನು ಉಳಿಯಿಂದ ಸೀಳಲಾಗಿತ್ತು. ಆ ಸೀಳು ಇಲ್ಲದಿದ್ದರೆ ಅವು ಇನ್ನಷ್ಟು ಸುಂದರವಾಗಿರುತ್ತಿದ್ದವು, ಆದರೆ ಅವುಗಳ ಮೇಲೆ ಇಷ್ಟೊಂದು ಬರಹ ಹುಟ್ಟುತ್ತಿರಲಿಲ್ಲ.

ರೋಮನ್ ಬೆಳ್ಳಿ ದಿನಾರಗಳು ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲೂ ದೊರೆತಿವೆ, ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದ ನೆಲೆ ಅದು. ಆದರೆ ಈ ಸೀಮೆಗೆ ವಿಶಿಷ್ಟವಾದದ್ದು ಸಾತವಾಹನ ಕಾಲದ ಸೀಸದ ನಾಣ್ಯ, ಅದರಲ್ಲೂ ಒಂದು ಬದಿ ಗೂಳಿ, ಇನ್ನೊಂದು ಬದಿ ಕಟಾಂಜನದೊಳಗಿನ ಮರವಿರುವ, ಮಹಾರಠಿ ಎಂಬ ಬಿರುದಿನ ಸದಕನ ಕಳಲಾಯನ ಹೆಸರಿನ ನಾಣ್ಯ. ಸೀಸ ಉಗುರಿಗೂ ಮಣಿಯುವಷ್ಟು ಮೆತ್ತಗಿನ ಲೋಹ. ಮರದ ಪೆಟ್ಟಿಗೆ, ರಟ್ಟಿನ ಡಬ್ಬಿಗಳಿಂದ ಹೊರಡುವ ಹುಳಿ ಆವಿ ತಗುಲಿದರೂ ಅದು ಬಿಳಿಯ ಪುಡಿಯಾಗಿ ಉದುರುತ್ತದೆ, ಜೊತೆಗೆ ಬ್ರಾಹ್ಮೀ ಅಕ್ಷರಗಳೂ ಉದುರುತ್ತವೆ. ಇನ್ನು ತಾಮ್ರದ ಮೇಲೆ ಗಟ್ಟಿಯಾಗಿ ನಯವಾಗಿ ಕೂತ ಕಡುಹಸಿರು ಪದರ ಬೆಲೆ ಹೆಚ್ಚಿಸುವಂಥದ್ದು. ಮುಟ್ಟಿದರೆ ಪುಡಿಯಾಗುವ ತಿಳಿಹಸಿರು ಕಿಲುಬು ಲವಣದಿಂದ ಹುಟ್ಟಿದ್ದು, ತೇವ ಸಿಕ್ಕಂತೆಲ್ಲ ಲೋಹವನ್ನು ತಿನ್ನುತ್ತಾ ಹೋಗುವಂಥದ್ದು. ನಾಣ್ಯವನ್ನು ಮುಟ್ಟಬಾರದೆಂಬ ನಿಯಮಕ್ಕೆ ಈ ಕಿಲುಬೊಂದು ಅಪವಾದ, ಅದೂ ರಾಸಾಯನಿಕ ತಜ್ಞರ ಕೈಯಲ್ಲಿ ಮಾತ್ರ.

ಮಳೆಯ ನಂತರ ಹೊಲದಲ್ಲೋ ಬೆಟ್ಟದ ತಪ್ಪಲಲ್ಲೋ ಇಂಥ ನಿಧಿ ಕಣ್ಣಿಗೆ ಬಿದ್ದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ಕಾನೂನು. ಒಪ್ಪಿಸುವಾಗ ಅದಕ್ಕೆ ಅಂಟಿದ ಮಣ್ಣನ್ನೂ ಹಾಗೆಯೇ ಬಿಡುವುದು ಲೇಸು, ಏಕೆಂದರೆ ಸೀಸದ ಮೇಲಿನ ಅಕ್ಷರ ಎಷ್ಟೋ ವೇಳೆ ಉಳಿದಿರುವುದು ಆ ಮಣ್ಣಿನ ಪದರದ ಒಳಮೈಗೆ ಅಂಟಿಕೊಂಡೇ.