ಕೊನೆಯ ಮೂರು ಜ್ಯೋತಿರ್ವರ್ಷ

ಗ್ಯಾಲಕ್ಸಿಗಳು ಒಂದಾಗುವುದನ್ನು ತೋರಿಸಲು ಎಲ್ಲರೂ ಎಂ51ರ ಚಿತ್ರ ತೆಗೆಯುತ್ತಾರೆ. ಚಿತ್ರ ಚೆಂದವೇ. ಆದರೆ ಟೆಲಿಸ್ಕೋಪ್ ಇಟ್ಟುಕೊಂಡವರಿಗೆ ನಾನು ಹೇಳುವುದು ಬೇರೆ ಜೋಡಿ: ಹಸ್ತದ ಪಕ್ಕದಲ್ಲಿರುವ ಎನ್‌ಜಿಸಿ 4038 ಮತ್ತು 4039. ಆಂಟೆನೇ ಗ್ಯಾಲಕ್ಸಿಗಳೆಂದು ಹೆಸರಾದವು. ನಮ್ಮ ಅಕ್ಷಾಂಶಕ್ಕೆ ಇವು ಹೇಳಿ ಮಾಡಿಸಿದಂತಿವೆ. 1785ರಲ್ಲಿ ಇವನ್ನು ಗುರುತಿಸಿದ ವಿಲಿಯಂ ಹರ್ಷಲ್‌ಗೆ ಇಂಗ್ಲೆಂಡಿನ ಬಾನಿನಲ್ಲಿ ಇವು ದಿಗಂತದಿಂದ 20 ಡಿಗ್ರಿಯಷ್ಟೇ ಮೇಲೇರುತ್ತಿದ್ದವು. ಬೆಂಗಳೂರಿನ ನೇರದಲ್ಲಿ ನಿಂತವರಿಗೆ 58 ಡಿಗ್ರಿ ಏರುತ್ತವೆ.

ಹಸ್ತ ಮಳೆಯ ದಿನಗಳಲ್ಲಿ ಸೂರ್ಯನೇ ಆ ನಕ್ಷತ್ರದಲ್ಲಿರುವುದರಿಂದ ಆಗ ನೋಡುವ ಮಾತಿಲ್ಲ. ಯುಗಾದಿ ಕಳೆದ ಮೇಲಿನ ಅಮಾವಾಸ್ಯೆಯ ಆಸುಪಾಸು ಸರಿಯಾದ ಸಮಯ. ಏಪ್ರಿಲ್ ನಡುವೆ ರಾತ್ರಿ ಹತ್ತೂವರೆ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಹಸ್ತದ ಓರೆ ಚೌಕ ಎದುರಿಗೇ ಇರುತ್ತದೆ. ಚೌಕದ ಮೇಲಿನ ಬಲಮೂಲೆಯ ನಕ್ಷತ್ರದಿಂದ ಬಲಕ್ಕೆ, ತುಸು ಕೆಳಗೆ, ಮೂರೂವರೆ ಡಿಗ್ರಿ ಸರಿಯಿರಿ. ಎಂಟು ಇಂಚಿನ ಕನ್ನಡಿ ಸಾಕು, ಆದರೆ ಪೇಟೆಯ ಬೆಳಕು ಇರಕೂಡದು, ಕಣ್ಣು ಅರ್ಧ ಗಂಟೆಯಾದರೂ ಕತ್ತಲಿಗೆ ಒಗ್ಗಿರಬೇಕು. ಮೊದಲು ಕಾಣುವುದು ಬರೀ ಒಂದು ಮಸುಕು ಕಲೆ. ನೇರ ದಿಟ್ಟಿಸದೆ ಕಡೆಗಣ್ಣಲ್ಲಿ ನೋಡುತ್ತಾ ಇದ್ದರೆ ಕಲೆಗೆ ಬಾಗು ಬರುತ್ತದೆ, ಒಂದು ಬದಿಯಲ್ಲಿ ಕಚ್ಚು ಬೀಳುತ್ತದೆ, ಉತ್ತರದ ಭಾಗ ಹೆಚ್ಚು ಬೆಳಗುತ್ತದೆ. ಅಲ್ಲಿಗೆ ಎರಡು ಗ್ಯಾಲಕ್ಸಿಗಳನ್ನೂ ಕಂಡಂತಾಯಿತು. ಆ ಬೆಳಕು ಹೊರಟು ಸುಮಾರು 7 ಕೋಟಿ ವರ್ಷಗಳಾಗಿವೆ.

ಫೋಟೋಗಳಲ್ಲಿ ಮಾತ್ರ ಕಾಣುವ ಎರಡು ಉದ್ದನೆಯ ಬಾಲಗಳು ಈ ಜೋಡಿಗಿವೆ. ಅಷ್ಟು ತೆಳುವಾದ ಬಾಲಗಳನ್ನು ಬರೀ ಗುರುತ್ವ ಎಳೆಯಬಲ್ಲದೇ ಎಂದು ಹಲವು ಖಗೋಳಜ್ಞರಿಗೇ ಅನುಮಾನವಿತ್ತು. 1972ರಲ್ಲಿ ಅಲಾರ್ ಟೂಮ್ರೆ ಮತ್ತು ಯೂರಿ ಟೂಮ್ರೆ ಎಂಬ ಅಣ್ಣತಮ್ಮಂದಿರು ಅಂದಿನ ಪುಟ್ಟ ಶಕ್ತಿಯ ಕಂಪ್ಯೂಟರಿನಲ್ಲಿ ಕೆಲವು ನೂರು ಬಿಂದುಗಳನ್ನು ಓಡಿಸಿ, ಗುರುತ್ವ ಒಂದೇ ಸಾಕೆಂದು ತೋರಿಸಿಕೊಟ್ಟರು. ನಕ್ಷತ್ರಗಳು ಒಂದಕ್ಕೊಂದು ಬಡಿಯುವುದಿಲ್ಲ. ಅವುಗಳ ನಡುವಿನ ಅಂತರ ಅಷ್ಟು ದೊಡ್ಡದು. ಅನಿಲದ ಮೋಡಗಳು ಬಡಿಯುತ್ತವೆ, ಬಡಿದು ನಕ್ಷತ್ರಗಳನ್ನು ಹೆರುತ್ತವೆ. ಹಬಲ್ ದೂರದರ್ಶಕ ಈ ಜೋಡಿಯಲ್ಲಿ ಸಾವಿರಕ್ಕೂ ಹೆಚ್ಚು ಎಳೆಯ ನಕ್ಷತ್ರಗುಚ್ಛಗಳನ್ನು ಕಂಡಿತು.

ಇಷ್ಟು ಹೊರಗಿನ ಸಡಗರ. ನನ್ನನ್ನು ಹಿಡಿದು ನಿಲ್ಲಿಸುವುದು ನಡುವಿನ ಸಂಗತಿ. ದೊಡ್ಡ ಗ್ಯಾಲಕ್ಸಿಗಳ ನಡುವೆ ಲಕ್ಷಾಂತರ, ಕೆಲವೊಮ್ಮೆ ನೂರಾರು ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ ಇರುತ್ತದೆ. ಗ್ಯಾಲಕ್ಸಿಗಳು ಒಂದಾದ ಮಾತ್ರಕ್ಕೆ ಅವೂ ಒಂದಾಗಿಬಿಡುತ್ತವೆಯೇ?

ಅವು ಹತ್ತಿರ ಬರುವ ದಾರಿಯನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ 1943ರಲ್ಲೇ ಲೆಕ್ಕ ಹಾಕಿದ್ದರು. ಭಾರವಾದ ಕಾಯ ನಕ್ಷತ್ರಗಳ ನಡುವೆ ಸಾಗುವಾಗ, ಜಾತ್ರೆಯಲ್ಲಿ ತೇರಿನ ಹಿಂದೆ ಜನ ಮುತ್ತಿಕೊಳ್ಳುವಂತೆ, ಅದರ ಸೆಳೆತಕ್ಕೆ ನಕ್ಷತ್ರಗಳು ಹಿಂದುಗಡೆ ಒತ್ತಾಗುತ್ತವೆ. ಆ ಗುಂಪಿನ ಗುರುತ್ವ ಕಾಯವನ್ನು ಹಿಂದಕ್ಕೆ ಜಗ್ಗುತ್ತದೆ, ವೇಗ ಕುಂದುತ್ತದೆ, ಅದು ನಡುವಿಗೆ ಇಳಿಯುತ್ತದೆ. ಎನ್‌ಜಿಸಿ 6240 ಗ್ಯಾಲಕ್ಸಿಯಲ್ಲಿ ಹಾಗೆ ಇಳಿದುಬಂದ ಎರಡು ಕಪ್ಪುಕುಳಿಗಳು ಸುಮಾರು 3,000 ಜ್ಯೋತಿರ್ವರ್ಷದ ಅಂತರದಲ್ಲಿರುವುದನ್ನು 2002ರಲ್ಲಿ ಕಂಡುಕೊಟ್ಟದ್ದು, ಅವರದೇ ಹೆಸರು ಹೊತ್ತ ಚಂದ್ರಾ ಎಕ್ಸ್‌ರೇ ದೂರದರ್ಶಕ. ಇದನ್ನು ನೆನೆದಾಗಲೆಲ್ಲ ನನಗೆ ಹಿಗ್ಗು.

ತೊಡಕು ಬರುವುದು ಕೊನೆಗೆ. ಕಪ್ಪುಕುಳಿಗಳು ಒಂದನ್ನೊಂದು ಸುತ್ತತೊಡಗಿದ ಮೇಲೆ, ಹತ್ತಿರ ಸುಳಿದ ನಕ್ಷತ್ರಗಳನ್ನು ಕವಣೆಕಲ್ಲು ಬೀಸಿದ ಹಾಗೆ ಹೊರಗೆಸೆಯುತ್ತವೆ. ಎಸೆದಷ್ಟೂ ಇವುಗಳ ಸುತ್ತು ಕಿರಿದಾಗುತ್ತದೆ. ಆದರೆ ಅಂತರ ಒಂದು ಪಾರ್ಸೆಕ್‌ಗೆ, ಅಂದರೆ ಮೂರು ಚಿಲ್ಲರೆ ಜ್ಯೋತಿರ್ವರ್ಷಕ್ಕೆ, ಇಳಿಯುವ ಹೊತ್ತಿಗೆ ಎಸೆಯಲು ನಕ್ಷತ್ರಗಳೇ ಉಳಿದಿರುವುದಿಲ್ಲ. ಗುರುತ್ವದ ಅಲೆಗಳನ್ನು ಹೊಮ್ಮಿಸಿ ಶಕ್ತಿ ಕಳೆದುಕೊಂಡು ಬೇಗ ಕೂಡಬೇಕೆಂದರೆ ಇನ್ನೂ ಎಷ್ಟೋ ಹತ್ತಿರ ಬಂದಿರಬೇಕು. ಲಕ್ಷಾಂತರ ಜ್ಯೋತಿರ್ವರ್ಷಗಳ ದೂರದಿಂದ ಬಂದವು ಮೂರು ಜ್ಯೋತಿರ್ವರ್ಷದಲ್ಲಿ ಸಿಕ್ಕಿಕೊಳ್ಳುತ್ತವೆ. 1980ರಲ್ಲಿ ಬೆಗೆಲ್ಮನ್, ಬ್ಲಾಂಡ್‌ಫರ್ಡ್, ರೀಸ್ ಬರೆದ ಪ್ರಬಂಧದಿಂದ ಶುರುವಾದ ಈ ಸಮಸ್ಯೆಗೆ ಕೊನೆಯ ಪಾರ್ಸೆಕ್ ಎಂದೇ ಹೆಸರು.

ಬಿಡಿಸುವ ದಾರಿಗಳು ಕೆಲವಿವೆ. ಕೂಡಿಕೊಂಡ ಗ್ಯಾಲಕ್ಸಿ ದುಂಡಗಿರದೆ ಸೊಟ್ಟಗಿದ್ದರೆ ಹೊಸ ನಕ್ಷತ್ರಗಳು ನಡುವಿಗೆ ಬರುತ್ತಲೇ ಇರುತ್ತವೆ. ಅನಿಲ ಧಾರಾಳವಾಗಿದ್ದರೆ ಅದೂ ನೆರವಾದೀತು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ದಾರಿ: ಮೂರನೆಯ ಕಪ್ಪುಕುಳಿಯೊಂದು ಬಂದು ಸೇರುವುದು. ಬಂದದ್ದು ಶಕ್ತಿಯನ್ನು ತಾನು ಹೊತ್ತೊಯ್ದರೆ ಉಳಿದೆರಡು ಬಿಗಿಯಾಗುತ್ತವೆ. ಇದಕ್ಕೆ ಸಲ್ಲುವ ನೆಲೆಯೊಂದು ಬೆಂಗಳೂರಿನವರ ಕಣ್ಣಿಗೇ ಬಿತ್ತು. ಭಾರತೀಯ ಖಭೌತ ಸಂಸ್ಥೆಯ ಜ್ಯೋತಿ ಯಾದವ್, ಮೌಸುಮಿ ದಾಸ್, ಸುಧಾಂಶು ಬರ್ವೆ ಅವರು ಫ್ರಾನ್ಸಿನ ಫ್ರಾನ್ಸ್ವಾಜ್ ಕೋಂಬ್ ಅವರೊಡನೆ ಎನ್‌ಜಿಸಿ 7733 ಮತ್ತು 7734ರ ಜೋಡಿಯನ್ನು ಅಭ್ಯಾಸ ಮಾಡುತ್ತಿದ್ದರು. 7733ರ ಒಂದು ಬೆಳಗುವ ಮುದ್ದೆಯ ವೇಗ ಗ್ಯಾಲಕ್ಸಿಯ ವೇಗಕ್ಕೆ ತಾಳೆಯಾಗಲಿಲ್ಲ. ಅದು ಬೇರೆಯೇ ಒಂದು ಸಣ್ಣ ಗ್ಯಾಲಕ್ಸಿ, ಅದರ ನಡುವೆಯೂ ಎಚ್ಚೆತ್ತ ಕಪ್ಪುಕುಳಿ! ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವೂ ದುಡಿದ ಈ ಕೆಲಸ 2021ರಲ್ಲಿ ಪ್ರಕಟವಾಯಿತು.

ಆದರೂ ಪ್ರಕೃತಿ ಕೊನೆಯ ಪಾರ್ಸೆಕ್ ದಾಟಿದ್ದಕ್ಕೆ ಸಾಕ್ಷಿ ಬೇಕಿತ್ತಲ್ಲ. 2023ರ ಜೂನ್‌ನಲ್ಲಿ ಅದರ ಸುಳಿವು ಸಿಕ್ಕಿತು. ಪಲ್ಸಾರ್ ಎಂಬ ನಕ್ಷತ್ರಗಳ ಮಿಡಿತ ಗಡಿಯಾರದಷ್ಟು ಕರಾರುವಾಕ್ಕು. ನಮ್ಮ ನಡುವೆ ಗುರುತ್ವದ ಅಲೆ ಹಾದರೆ ಮಿಡಿತಗಳು ಕೂದಲೆಳೆಯಷ್ಟು ಹಿಂದುಮುಂದಾಗುತ್ತವೆ. ಅಮೆರಿಕ, ಯುರೋಪ್, ಆಸ್ಟ್ರೇಲಿಯಾ, ಚೀನಾದ ತಂಡಗಳು ವರ್ಷಗಟ್ಟಲೆ ಆ ಮಿಡಿತ ಎಣಿಸಿ, ಒಂದು ಸುತ್ತಿಗೆ ವರ್ಷಗಳೇ ಹಿಡಿಯುವ ನಿಧಾನದ ಅಲೆಗಳ ಕುರುಹನ್ನು ಒಟ್ಟಿಗೆ ಸಾರಿದವು. ಯುರೋಪಿನ ಫಲಿತಾಂಶದಲ್ಲಿ ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ದತ್ತಾಂಶವೂ ಸೇರಿತ್ತು. ಅಲೆಗಳ ಮೂಲ ಇಂತಹ ಜೋಡಿಗಳೇ ಎಂಬುದು ಹೆಚ್ಚಿನವರ ಎಣಿಕೆ, ಇನ್ನೂ ಖಚಿತವಾಗಿಲ್ಲ. ಎಣಿಕೆ ನಿಜವಾದರೆ ಒಂದು ಮಾತು ಗಟ್ಟಿ: ಆ ತರಹದ ಅಲೆ ಏಳಿಸಲು ಜೋಡಿಗಳು ಕೊನೆಯ ಪಾರ್ಸೆಕ್ ದಾಟಿ ಒಳಗೆ ಬಂದಿರಲೇಬೇಕು.

ಹಾಗಿದ್ದರೆ ಈ ಅಲೆಗಳು ನೂರಾರು ಕೋಟಿ ಸೂರ್ಯರಷ್ಟು ತೂಕದ ಜೋಡಿಗಳೆಲ್ಲ ಸೇರಿ ಎಬ್ಬಿಸಿದ ಮೊರೆತ, ಯಾವುದರದು ಎಷ್ಟು ಎಂದು ಬಿಡಿಸಲಾಗದು. ನಮ್ಮ ಆಕಾಶಗಂಗೆಯ ನಡುವಿನ ಕಪ್ಪುಕುಳಿಯ ತೂಕ 43 ಲಕ್ಷ ಸೂರ್ಯರಷ್ಟು. ಆ ಗಾತ್ರದವು ಕೂಡುವ ಗಳಿಗೆಯನ್ನು ಪಲ್ಸಾರ್‌ಗಳು ಹಿಡಿಯಲಾರವು. ಅದಕ್ಕೆಂದೇ 25 ಲಕ್ಷ ಕಿಲೋಮೀಟರ್ ಅಂತರದಲ್ಲಿ ಮೂರು ನೌಕೆಗಳನ್ನು ತೇಲಿಬಿಡುವ ಲೀಸಾ ಯೋಜನೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿದೆ. ಉಡಾವಣೆ 2035ರ ಸುಮಾರಿಗೆ.