‘ದಿ ಇನೊಸೆಂಟ್ಸ್’: ಸಂಶಯವೆಂಬ ಪ್ರೇತ

ಭಯಾನಕವೂ ನವರಸಗಳಲ್ಲಿ ಒಂದೆಂದು ನಮ್ಮ ಆಲಂಕಾರಿಕರು ಒಪ್ಪಿದ್ದಾರೆ. ಆದರೂ ಭೂತಪ್ರೇತಗಳ ಚಲನಚಿತ್ರವೆಂದರೆ ಸಾಹಿತ್ಯಾಸಕ್ತರು ಮೂಗು ಮುರಿಯುವುದೇ ಹೆಚ್ಚು. ಆ ತಾತ್ಸಾರಕ್ಕೆ ತಕ್ಕ ಉತ್ತರವೆಂದು ನಾನು ಭಾವಿಸಿರುವ ಕೃತಿ, ಜ್ಯಾಕ್ ಕ್ಲೇಟನ್ ನಿರ್ದೇಶಿಸಿದ 1961ರ ಬ್ರಿಟಿಷ್ ಚಿತ್ರ ‘ದಿ ಇನೊಸೆಂಟ್ಸ್’. ಹೆನ್ರಿ ಜೇಮ್ಸನು 1898ರಲ್ಲಿ ಪ್ರಕಟಿಸಿದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಎಂಬ ನೀಳ್ಗತೆ ಇದಕ್ಕೆ ಮೂಲ. ಅದನ್ನು ಮೊದಲು ರಂಗಕ್ಕೆ ಅಳವಡಿಸಿದ್ದ ವಿಲಿಯಂ ಆರ್ಚಿಬಾಲ್ಡನೊಡನೆ ಟ್ರೂಮನ್ ಕಪೋಟಿಯೂ ಸೇರಿ ಚಿತ್ರಕಥೆಯನ್ನು ರಚಿಸಿದನು.

ಜನವಸತಿಯಿಂದ ದೂರದಲ್ಲಿರುವ ಬ್ಲೈ ಎಂಬ ವಿಶಾಲ ಬಂಗಲೆ. ಅಲ್ಲಿ ಮೈಲ್ಸ್, ಫ್ಲೋರಾ ಎಂಬ ಇಬ್ಬರು ತಬ್ಬಲಿ ಮಕ್ಕಳು. ಪೋಷಕನಾದ ಬಂಧುವಿಗೆ ಅವರ ಗೊಡವೆ ಬೇಡ. ಮಕ್ಕಳಿಗೆ ಪಾಠ ಹೇಳಲು ಬಂದ ಮಿಸ್ ಗಿಡ್ಡೆನ್ಸಳ ಕಣ್ಣಿಗೆ, ಸತ್ತುಹೋಗಿರುವ ಸೇವಕ ಕ್ವಿಂಟ್ ಮತ್ತು ಹಿಂದಿನ ಶಿಕ್ಷಕಿ ಮಿಸ್ ಜೆಸೆಲ್ ಬೀಳತೊಡಗುತ್ತಾರೆ. ಅವರು ಮಕ್ಕಳನ್ನು ಆವರಿಸಿದ್ದಾರೆಂದು ಆಕೆ ನಂಬುತ್ತಾಳೆ. ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಗ್ರೋಸಳಿಗೆ ಮಾತ್ರ ಏನೂ ಕಾಣದು.

ಪ್ರೇತಗಳು ನಿಜವೋ, ಆಕೆಯ ಮನಸ್ಸಿನ ಸೃಷ್ಟಿಯೋ? ನಿರ್ದೇಶಕರು ತಕ್ಕಡಿಯನ್ನು ಯಾವ ಕಡೆಗೂ ವಾಲಗೊಡುವುದಿಲ್ಲ. ಕಿಟಕಿಯ ಗಾಜಿನಾಚೆ ಕ್ವಿಂಟನ ಮುಖವನ್ನು ಕಾಣುವ ಮೊದಲೇ ಆಕೆ ಅಟ್ಟದಲ್ಲಿ ಅವನ ಪುಟ್ಟ ಭಾವಚಿತ್ರವನ್ನು ನೋಡಿರುತ್ತಾಳೆ. ಆದ್ದರಿಂದ ಅದು ಭ್ರಮೆ ಎನ್ನಲು ಅವಕಾಶವುಂಟು. ಆದರೆ ಪಾಠದ ಕೋಣೆಯಲ್ಲಿ ಅಳುತ್ತಾ ಕುಳಿತ ಮಿಸ್ ಜೆಸೆಲ್ ಮರೆಯಾದ ಮೇಲೆ, ಸ್ಲೇಟಿನ ಮೇಲೆ ಒಂದು ಹನಿ ಕಣ್ಣೀರು ಉಳಿದಿರುತ್ತದೆ. ಭ್ರಮೆಯ ಕಣ್ಣೀರು ಬೆರಳನ್ನು ತೋಯಿಸೀತೆ?

ಫ್ರೆಡ್ಡಿ ಫ್ರಾನ್ಸಿಸನ ಕಪ್ಪು-ಬಿಳುಪು ಛಾಯಾಗ್ರಹಣ ಅಸಾಧಾರಣವಾದುದು. ಅಗಲವಾದ ಸಿನೆಮಾಸ್ಕೋಪ್ ಪರದೆಯ ಅಂಚುಗಳನ್ನು ಬಣ್ಣ ಬಳಿದ ಫಿಲ್ಟರುಗಳಿಂದ ಆತ ಕತ್ತಲಾಗಿಸಿದ್ದಾನೆ. ಆದರೆ ನನ್ನನ್ನು ಬೆಚ್ಚಿಸಿದ್ದು ಇರುಳಲ್ಲ. ಹಗಲು ಬೆಳಕಿನಲ್ಲಿ, ಕೊಳದಾಚೆಯ ಜೊಂಡಿನ ನಡುವೆ ಕರಿಯುಡುಪಿನ ಹೆಂಗಸೊಬ್ಬಳು ಸುಮ್ಮನೆ ನಿಂತಿರುವುದು. ಇದೇ ಧ್ವನಿಯ ಶಕ್ತಿ. ಇದರ ಮುಂದೆ, ಮೇಣದಬತ್ತಿ ಹಿಡಿದು ಆಕೆ ಓಣಿಗಳಲ್ಲಿ ಅಲೆಯುವಾಗ ಕೇಳಿಬರುವ ನಗು, ಪಿಸುಮಾತುಗಳು ಅತಿಯಾದುವೆಂದೇ ನನ್ನ ಅಭಿಪ್ರಾಯ. ಡೆಬೊರಾ ಕೆರ್ ಅವರ ಮುಖವೇ ಸಾಕಾಗಿತ್ತು.

ನಿವೃತ್ತ ಅಧ್ಯಾಪಕನಾದ ನನಗೆ ಈ ಚಿತ್ರ ಇನ್ನೊಂದು ಕಾರಣಕ್ಕೂ ಮುಖ್ಯವಾಗಿದೆ. ಮೈಲ್ಸನನ್ನು ಕಣ್ಣಾರೆ ನೋಡುವ ಮುನ್ನವೇ, ಅವನನ್ನು ಹೊರಹಾಕಿದ ಶಾಲೆಯ ಪತ್ರ ಮಿಸ್ ಗಿಡ್ಡೆನ್ಸಳ ಕೈ ಸೇರುತ್ತದೆ. ಅವನಿಂದ ಇತರ ಮಕ್ಕಳಿಗೆ ಕೇಡು ಎಂಬುದು ಅದರ ಸಾರ. ಸಂಶಯಕ್ಕೆ ಅಲ್ಲಿಯೇ ಬೀಜ. ಕೊನೆಗೆ ಹುಡುಗನ ಬಾಯಿಂದ ಪ್ರೇತದ ಹೆಸರನ್ನು ಹೊರಡಿಸಿದರೆ ಅವನು ಉಳಿದಾನೆಂದು ಆಕೆ ಹಟ ಹಿಡಿಯುತ್ತಾಳೆ. ಹೆಸರು ಹೊರಡುತ್ತದೆ, ಹುಡುಗ ಉಳಿಯುವುದಿಲ್ಲ.

ಹಿಂದೊಮ್ಮೆ ಶಾಲೆಯಲ್ಲಿ ಪ್ರವಾಸದ ಹಣ ಕಾಣೆಯಾದಾಗ, ಹಿಂದಿನ ಶಾಲೆಯಿಂದ ಕೆಟ್ಟ ಹೆಸರು ಹೊತ್ತು ಬಂದಿದ್ದ ಹುಡುಗನೊಬ್ಬನನ್ನು ನನ್ನ ಕೊಠಡಿಗೆ ಕರೆಸಿ, “ನಿನ್ನ ಒಳಿತಿಗೇ ಹೇಳುತ್ತಿದ್ದೇನೆ, ಒಪ್ಪಿಕೊಂಡುಬಿಡು” ಎಂದೆ. ಒಂದು ಗಂಟೆಯ ಬಳಿಕ ಒಪ್ಪಿಕೊಂಡ. ವಾರ ಕಳೆದ ಮೇಲೆ ಹಣ ನನ್ನ ಕಪಾಟಿನ ಹಾಜರಿ ಪುಸ್ತಕವೊಂದರಲ್ಲಿಯೇ ಸಿಕ್ಕಿತು. ಕ್ಷಮೆ ಕೇಳಿದೆ. ಅವನು ತಲೆಯಾಡಿಸಿದನೇ ಹೊರತು, ಶಾಲೆ ಬಿಡುವವರೆಗೂ ನನ್ನ ಮುಖವೆತ್ತಿ ನೋಡಲಿಲ್ಲ.

ಮಿಸ್ ಗಿಡ್ಡೆನ್ಸ್ ದುಷ್ಟಳಲ್ಲ. ಮಕ್ಕಳನ್ನು ಮನಸಾರೆ ಪ್ರೀತಿಸಿದವಳು. ಚಿತ್ರದ ನಿಜವಾದ ಭಯಾನಕತೆ ಇರುವುದು ಅಲ್ಲಿಯೇ. ಸಹೃದಯರು, ವಿಶೇಷವಾಗಿ ಅಧ್ಯಾಪಕ ಬಂಧುಗಳು, ಇದನ್ನು ಒಮ್ಮೆ ನೋಡಬೇಕೆಂದು ನನ್ನ ವಿನಂತಿ.